ಎಸಿ 18ಕ್ಕೆ ಇಟ್ಟರೆ ರೂಮು ಬೇಗ ತಣ್ಣಗಾಗುತ್ತದಾ? ಕರೆಂಟು ಹೋಗಿ ಬಂದ ಮೇಲೆ ಬರೀ ಗಾಳಿ ಬರುವುದು ಯಾಕೆ?

ಬೇಗ ಆಗುವುದಿಲ್ಲ. ಸಾಮಾನ್ಯ ಎಸಿಯ ಕಂಪ್ರೆಸರ್, ಅಂದರೆ ಗಾಳಿಯನ್ನು ತಣ್ಣಗೆ ಮಾಡಲು ಓಡುವ ಯಂತ್ರ, 24ಕ್ಕೆ ಇಟ್ಟರೂ 18ಕ್ಕೆ ಇಟ್ಟರೂ ಅದೇ ಜೋರಿನಲ್ಲಿ ಓಡುತ್ತದೆ. ಆ ನಂಬರ್ ಹೇಳುವುದು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮಾತ್ರ. 18 ಅಂದರೆ ಅದು ನಿಲ್ಲುವುದೇ ಕಷ್ಟ, ಬಿಲ್ಲು ಜಾಸ್ತಿ. ಬೆಂಗಳೂರಿನ ಏಪ್ರಿಲ್ ಸೆಕೆಗೂ 25 ಇಟ್ಟು ಫ್ಯಾನು ಹಾಕಿದರೆ ಧಾರಾಳ ಸಾಕು. 2020ರಿಂದ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು ಆನ್ ಮಾಡಿದಾಗ 24ರಲ್ಲೇ ಶುರುವಾಗಬೇಕು ಅನ್ನುವ ನಿಯಮವೂ ಇದೆ.

ಇನ್ನು ಕರೆಂಟಿನ ವಿಷಯ. ಕರೆಂಟು ಬಂದ ತಕ್ಷಣ ಕಂಪ್ರೆಸರ್ ಓಡಿದರೆ ಅದಕ್ಕೇ ಪೆಟ್ಟು. ಹಾಗಾಗಿ ಸುಮಾರು 3 ನಿಮಿಷ ಬೇಕೆಂದೇ ಕಾಯುತ್ತದೆ. ಆಗ ಸುಮ್ನೆ ಬಿಡಿ, ದಯವಿಟ್ಟು ಆನ್-ಆಫ್ ಮಾಡುತ್ತಾ ಕೂರಬೇಡಿ. ಹತ್ತು ನಿಮಿಷವಾದರೂ ಬರೀ ಗಾಳಿಯೇ ಬಂದರೆ ರಿಮೋಟ್ ನೋಡಿ. ಮಂಜಿನ ಹೂವಿನ ಚಿತ್ರ ಇದ್ದರೆ ಕೂಲ್, ಫ್ಯಾನಿನ ಚಿತ್ರ ಇದ್ದರೆ ಬರೀ ಗಾಳಿ. ಬಿಸಿಗಾಳಿಯನ್ನೂ ಕೊಡುವ ಎಸಿಯಾದರೆ ಸೂರ್ಯನ ಚಿತ್ರ ಇಲ್ಲ ತಾನೇ, ನೋಡಿಕೊಳ್ಳಿ. ಡಿಸೆಂಬರಿನಲ್ಲಿ ರೂಮೇ 23 ಇದ್ದು ನೀವು 24 ಇಟ್ಟಿದ್ದರೆ ಕಂಪ್ರೆಸರ್ ಓಡುವುದಿಲ್ಲ. ಅದು ಕೆಟ್ಟಿಲ್ಲ, ಸರಿಯಾಗಿಯೇ ಇದೆ. ಎಷ್ಟೋ ಜನ ಇದಕ್ಕೇ ಮೆಕ್ಯಾನಿಕ್‌ನ ಕರೆಸಿ ದುಡ್ಡು ಕೊಡುತ್ತಾರೆ.

ಚಿತ್ರವೂ ನಂಬರೂ ಸರಿ ಇದ್ದರೆ ಫಿಲ್ಟರ್ ಬಿಚ್ಚಿ ಧೂಳು ತೊಳೆಯಿರಿ. ಕರೆಂಟು ಹೋದಾಗ ಹಲವು ಎಸಿಗಳಲ್ಲಿ ಟೈಮರ್ ಅಳಿಸಿಹೋಗುತ್ತದೆ, ಅದನ್ನು ಮತ್ತೆ ಹಾಕಬೇಕು.