ಆಕೆ ಸಭೆಗೆ ಯಾಕೆ ಬರುತ್ತಿಲ್ಲ?

ಮಾನ್ಯರೇ, ನಮಸ್ಕಾರ.

ಹಾವೇರಿ ಜಿಲ್ಲೆಯಿಂದ ನೀವು ಬರೆದ ಪತ್ರ ತಲುಪಿದೆ. ಆತ್ಮಹತ್ಯೆ ಮಾಡಿಕೊಂಡ ರೈತರ ಮನೆಗಳಿಗೆ ನಿಮ್ಮ ಸೇವಾ ಸಂಘ ಮಕ್ಕಳ ಶಾಲಾ ಶುಲ್ಕ, ಹೊಲಿಗೆ ಯಂತ್ರ ಕೊಡುತ್ತಾ ಬಂದಿದೆ. ಆದರೆ ಆ ಹೆಣ್ಣುಮಕ್ಕಳು ತಿಂಗಳ ಸಭೆಗೆ ಬರುವುದಿಲ್ಲ, ಫೋನ್ ಎತ್ತುವುದಿಲ್ಲ, ಗಂಡನ ಸಾಲ ಎಷ್ಟಿತ್ತೆಂದು ಕೇಳಿದರೆ ಒಂದೊಂದು ಸಲ ಒಂದೊಂದು ಲೆಕ್ಕ ಹೇಳುತ್ತಾರೆ. ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತಾಡಿ ಎಂದು ಮೈಕ್ ಕೊಟ್ಟರೆ ಒಬ್ಬಾಕೆ ವೇದಿಕೆ ಇಳಿದು ಹೊರಟೇಹೋದರು. ಇಷ್ಟು ಬರೆದು ನೀವು ಕೇಳಿದ್ದೀರಿ: “ಕಳೆದ ಸಂಚಿಕೆಯಲ್ಲಿ ಬಡವರ ಮಾನಸಿಕ ಆಘಾತದ ಬಗ್ಗೆ ಲೇಖನ ಹಾಕಿದ್ದೀರಿ. ಅವರಿಗೆ ಬೇಕಾಗಿರುವುದು ದುಡ್ಡೋ, ಮನಶ್ಶಾಸ್ತ್ರವೋ?”

ದುಡ್ಡೇ. ಒಲೆ ಹೊತ್ತದ ಮನೆಗೆ ಹೋಗಿ ಸಾಂತ್ವನ ಹೇಳಿ ಬರುವುದನ್ನು ನೆರವು ಎನ್ನಲು ನಮಗೂ ಬಾಯಿ ಬರುವುದಿಲ್ಲ. ಆದರೆ ಆ ದುಡ್ಡಿಗಾಗಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ತನ್ನ ಸಂಕಟವನ್ನು ಎಷ್ಟು ಸಲ, ಯಾರ್ಯಾರ ಮುಂದೆ ಬಿಚ್ಚಿಡಬೇಕು? ಕಳೆದ ಲೇಖನ ಕೇಳಿದ್ದು ಇದನ್ನು.

ನಿಮ್ಮ ಸಂಘದ ಬಾಗಿಲಿಗೆ ಬರುವ ಮುಂಚೆ ಆಕೆ ಎಲ್ಲೆಲ್ಲಿ ಹಾದು ಬಂದಿದ್ದಾರೆ ನೋಡಿ. ಮೊದಲು ಪೊಲೀಸ್ ಠಾಣೆ, ಮರಣೋತ್ತರ ಪರೀಕ್ಷೆ. ಆಮೇಲೆ ಗ್ರಾಮ ಆಡಳಿತಾಧಿಕಾರಿ, ಕೃಷಿ ಇಲಾಖೆ, ಸಾಲದ ದಾಖಲೆಗೆ ಬ್ಯಾಂಕು. ಕಡೆಗೆ ಉಪವಿಭಾಗಾಧಿಕಾರಿಗಳ ಸಮಿತಿ. ರಾಜ್ಯ ಸರ್ಕಾರ ಪರಿಹಾರವನ್ನು 2015ರಲ್ಲಿ 5 ಲಕ್ಷ ರೂಪಾಯಿಗೆ ಏರಿಸಿತು, ಅದು ದೊಡ್ಡ ಆಸರೆಯೇ. ಆದರೆ ಅದು ಸಿಗಬೇಕಾದರೆ ಸಾವಿಗೆ ಕಾರಣ ಕೃಷಿ ಸಾಲವೇ ಎಂದು ಸಾಬೀತಾಗಬೇಕು. ಕುಡಿಯುತ್ತಿದ್ದರಾ, ಮನೆಯಲ್ಲಿ ಜಗಳ ಇತ್ತಾ, ಎಲ್ಲವನ್ನೂ ಕೇಳುತ್ತಾರೆ. ಹದಿಮೂರನೆಯ ದಿನದ ಕಾರ್ಯ ಮುಗಿಯುವ ಮೊದಲೇ ಗಂಡನ ಸಾವಿಗೆ ಸಾಕ್ಷಿ ಹೇಳುವ ಕೆಲಸ ಹೆಂಡತಿಯ ಕೊರಳಿಗೆ ಬಿದ್ದಿರುತ್ತದೆ. ನಡುವೆ ಪತ್ರಕರ್ತರು ಬರುತ್ತಾರೆ, ಮುಖಂಡರು ಬರುತ್ತಾರೆ, ಫೋಟೊ ಆಗುತ್ತದೆ.

ಇನ್ನು ಸಾಲದ ಲೆಕ್ಕ. ಬ್ಯಾಂಕಿನ ಸಾಲಕ್ಕೆ ಕಾಗದವಿದೆ. ಊರಿನ ಸಾಹುಕಾರರ ಕೈಗಡಕ್ಕೆ, ಗೊಬ್ಬರದ ಅಂಗಡಿಯ ಉದ್ರಿಗೆ ಏನಿದೆ? ಎಷ್ಟೋ ಗಂಡಸರು ಆ ಲೆಕ್ಕವನ್ನು ಮನೆಯಲ್ಲಿ ಹೇಳಿಯೇ ಇರುವುದಿಲ್ಲ. ಗಂಡ ಹೋದ ಮೇಲೆ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನನಗಿಷ್ಟು ಕೊಡಬೇಕು ಎಂದಾಗಲೇ ಆಕೆಗೆ ಗೊತ್ತಾಗುವುದು. ಅಂದ ಮೇಲೆ ಜೂನ್‌ನಲ್ಲಿ ಹೇಳಿದ ಮೊತ್ತವೂ ಸೆಪ್ಟೆಂಬರ್‌ನಲ್ಲಿ ಹೇಳಿದ ಮೊತ್ತವೂ ಎರಡೂ ನಿಜವಿರಬಹುದು. ಅದಲ್ಲದೆ ದೊಡ್ಡ ಪೆಟ್ಟು ತಿಂದ ಮನಸ್ಸು ನಡೆದದ್ದನ್ನು ವರದಿಯಂತೆ ಜೋಡಿಸಿ ಇಟ್ಟುಕೊಳ್ಳುವುದಿಲ್ಲ. ತಾರೀಖು ಮರೆಯುತ್ತದೆ, ಹಿಂದಿನದು ಮುಂದಾಗುತ್ತದೆ, ಬೇಡವಾದ ಒಂದು ಚೂರು ಮಾತ್ರ ಸ್ಪಷ್ಟವಾಗಿ ಉಳಿದಿರುತ್ತದೆ. ಇದನ್ನು ಸುಳ್ಳೆಂದು ಬರೆದುಕೊಳ್ಳುವುದು ಅನ್ಯಾಯ.

ಪೆಟ್ಟಿನ ಜೊತೆಗೆ ಬರಿಗೈ ಬೇರೆ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಕಟಾವಿಗೆ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ, ಬುದ್ಧಿಗೆ ಸಂಬಂಧಿಸಿದ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದ ರೈತರೇ ಕಬ್ಬಿನ ಹಣ ಬಂದ ಮೇಲೆ ಹೆಚ್ಚು ಅಂಕ ಪಡೆದರು. ತಲೆಯ ತುಂಬ ನಾಳಿನ ಖರ್ಚೇ ಇದ್ದರೆ ನಿಮ್ಮ ಅರ್ಜಿ ನಮೂನೆಯ ಮೂರನೇ ಪುಟಕ್ಕೆ ಅಲ್ಲಿ ಜಾಗವಿರುವುದಿಲ್ಲ.

ಈಗ ಸಭೆ ಮತ್ತು ಫೋನಿನ ವಿಷಯ. ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳಿಗೆ ‘ಸಂಘದ ಮೀಟಿಂಗ್’ ಅಂದರೆ ಮೈಕ್ರೋಫೈನಾನ್ಸ್ ಕಂತಿನ ದಿನ. ಎಲ್ಲರೂ ಸಾಲಾಗಿ ಕೂರಬೇಕು. ಒಬ್ಬಾಕೆಯ ಕಂತು ತಪ್ಪಿದರೆ ಉಳಿದವರು ಎದ್ದುಹೋಗುವಂತಿಲ್ಲ, ನೆರೆಮನೆಯಾಕೆಯೇ ಸಾಲ ಕೇಳುವವಳಾಗುತ್ತಾಳೆ. ಹೊಸ ನಂಬರಿನಿಂದ ಫೋನ್ ಬಂದರೆ ವಸೂಲಿಯವರೇ ಎಂಬ ಭಯ. ಈ ಕಾಟ ಎಲ್ಲಿಗೆ ಮುಟ್ಟಿತ್ತೆಂದರೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಡಬೇಕಾಯಿತು. ಹೀಗಿರುವಾಗ ನಿಮ್ಮ ಕರೆಯನ್ನು ಎತ್ತದಿದ್ದುದನ್ನು ಕೃತಘ್ನತೆ ಎಂದು ನಮಗೆ ಅನ್ನಿಸುವುದಿಲ್ಲ. ಅದು ಆಕೆ ತನ್ನನ್ನು ತಾನು ಕಾಪಾಡಿಕೊಳ್ಳಲು ಕಲಿತ ರೀತಿ.

ಬಡವರ ಮಾನಸಿಕ ಆಘಾತದ ಈ ಮಾತೆಲ್ಲ ವಿದೇಶದಿಂದ ಬಂದ ಹೊಸ ಫ್ಯಾಷನ್ ಎಂದೂ ಬರೆದಿದ್ದೀರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದನ್ನು ಇಡೀ ದೇಶಕ್ಕೆ ಮಾದರಿಯಾಗಿ ರೂಪಿಸಿದ್ದು ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್‌ನ ವೈದ್ಯರು, 1980ರ ದಶಕದಲ್ಲಿ. ಬಡವರ ಮನಸ್ಸಿನ ಆರೋಗ್ಯವನ್ನು ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಬೇಕೆಂದು ಆಗಲೇ ಹೊರಟವರು ಅವರು.

ನಿಮ್ಮ ಸಂಘ ಏನು ಮಾಡಬಹುದು? ಮೊದಲು ಮೈಕ್ ಬಿಡಿ. ವೇದಿಕೆ, ದೊಡ್ಡ ಚೆಕ್ಕು, ದಾನಿಗಳ ನಡುವೆ ನಿಲ್ಲಿಸಿ ತೆಗೆಯುವ ಫೋಟೊ, ಇವನ್ನು ಇವತ್ತೇ ನಿಲ್ಲಿಸಿ. ದಾನಿಗಳಿಗೆ ಲೆಕ್ಕ ಒಪ್ಪಿಸಲು ಶಾಲೆಯ ರಸೀದಿ ಸಾಕು. ವಿವರ ಬೇಕೇ ಬೇಕೆಂದರೆ ಒಬ್ಬರೇ, ಒಂದೇ ಸಲ, ಮರೆಯಲ್ಲಿ ಕೂತು ಕೇಳಿ, ಆಕೆಯ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಿ. ಸಾವು ಹೇಗಾಯಿತೆಂದು ಕೇಳುವ ಅಗತ್ಯ ನಿಮಗೆ ಇಲ್ಲವೇ ಇಲ್ಲ. ಹೊಲಿಗೆ ಯಂತ್ರವೇ ಬೇಕಾ, ಎರಡು ಕುರಿ ಬೇಕಾ ಎಂದು ಆಕೆಯನ್ನೇ ಕೇಳಿ. ಎಷ್ಟೋ ತಿಂಗಳಿಂದ ಆಕೆಯ ವಿಷಯವನ್ನೆಲ್ಲ ಬೇರೆಯವರೇ ತೀರ್ಮಾನಿಸುತ್ತಿದ್ದಾರೆ. ಫೋನಿಗೆ ಮುಂಚೆ ನಿಮ್ಮ ಹೆಸರು, ವಿಷಯ ಹೇಳಿ ಆಶಾ ಕಾರ್ಯಕರ್ತೆಯ ಕೈಲಿ ಸುದ್ದಿ ಕಳಿಸಿ. ಹಣ ಯಾವ ದಿನ ಬರುತ್ತದೆಂದು ಹೇಳಿ, ಆ ದಿನವೇ ಕೊಡಿ. ತಡವಾಗುವುದಾದರೆ ಅದನ್ನೂ ಮೊದಲೇ ತಿಳಿಸಿ. ಗೃಹಲಕ್ಷ್ಮಿಯ 2,000 ರೂಪಾಯಿಯ ದೊಡ್ಡ ಗುಣವೆಂದರೆ ಅದಕ್ಕಾಗಿ ಯಾರ ಮುಂದೆಯೂ ಅಳಬೇಕಿಲ್ಲ. ಅದೇ ಕಂತು ಹೇಳದೆ ಕೇಳದೆ ತಡವಾದಾಗ ಆ ಮನೆಗಳಲ್ಲಿ ಆಗುವ ತಳಮಳವೂ ಅಷ್ಟೇ ದೊಡ್ಡದು.

ಯಾರಾದರೂ ನಿದ್ದೆಯಿಲ್ಲ, ಬದುಕೇ ಬೇಡ ಎಂದರೆ ಉಪದೇಶ ಮಾಡಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಜೊತೆಗೆ ಕೂತು ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇಷ್ಟೊಂದು ಮನೆಗಳ ದುಃಖ ಕೇಳಿ ನೀವೂ ಬಳಲಿದ್ದೀರಿ ಎಂದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ಆ ನಂಬರು ನಿಮಗೂ ಇದೆ.

ವೇದಿಕೆ ಇಳಿದು ಹೋದಾಕೆಯ ಮಗನ ಶುಲ್ಕವನ್ನು ಈ ವರ್ಷ ಕಟ್ಟಬೇಕೋ ಬೇಡವೋ ಎಂದು ಕಡೆಯ ಸಾಲಿನಲ್ಲಿ ಕೇಳಿದ್ದೀರಿ. ಕಟ್ಟಿ. ನೇರವಾಗಿ ಶಾಲೆಗೆ ಕಟ್ಟಿ, ರಸೀದಿಯನ್ನು ಆಕೆಗೆ ತಲುಪಿಸಿ, ಸಭೆಗೆ ಬರಲೇಬೇಕೆಂಬ ನಿಯಮವನ್ನು ನಿಮ್ಮ ನಿಯಮಾವಳಿಯಿಂದಲೇ ತೆಗೆದುಹಾಕಿ.

— ಸಂಪಾದಕ