ಆರು ವಾರದ ಕೋರ್ಸ್, ಎಂಟು ನಿಮಿಷದ ಸಾಕ್ಷ್ಯಚಿತ್ರ

ಪ್ರಶ್ನೆ: ಸಾಕ್ಷ್ಯಚಿತ್ರ ನಿರ್ದೇಶನದ 6 ವಾರಗಳ ಕೋರ್ಸಿಗೆ ಸೇರಿದ್ದೇನೆ. ಕೊನೆಗೆ 8 ನಿಮಿಷದ ಚಿತ್ರ ಒಪ್ಪಿಸಬೇಕು. ‘ನೀರಿನ ಅಭಾವ’ ಎಂಬ ವಿಷಯ ಆರಿಸಿಕೊಂಡಿದ್ದೇನೆ. ಸರಿಯೇ? ಹೊಸ ಕ್ಯಾಮೆರಾ ಕೊಳ್ಳಬೇಕೇ?

ಉತ್ತರ: ಅದು ಪ್ರಬಂಧದ ತಲೆಬರಹವಾಯಿತು. 8 ನಿಮಿಷಕ್ಕೆ ಒಬ್ಬ ವ್ಯಕ್ತಿ, ಒಂದು ಜಾಗ, ಒಂದು ಕೆಲಸ ಸಾಕು. ಬತ್ತಿದ ಬಾವಿಯ ಹೂಳೆತ್ತುವವರನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಇಳಿಯುತ್ತಾರೆ, ಸಂಜೆಯೊಳಗೆ ನೀರು ಜಿನುಗಬಹುದು, ಜಿನುಗದೆಯೂ ಇರಬಹುದು. ಏನಾಗುತ್ತದೋ ಎಂಬ ಕಾತರ ನೋಡುವವರನ್ನು ಹಿಡಿದು ಕೂರಿಸುತ್ತದೆ. ಬರೀ ಅಭಿಪ್ರಾಯ ಹೇಳುವವರನ್ನು ಸಾಲಾಗಿ ಕೂರಿಸಿದರೆ ಆ ಕಾತರ ಹುಟ್ಟುವುದಿಲ್ಲ.

ಮೊದಲ ವಾರ ಕ್ಯಾಮೆರಾ ಇಲ್ಲದೆ ಎರಡು ಮೂರು ಸಲ ಹೋಗಿ ಬನ್ನಿ. ಬೆಳಕು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ, ಯಾರು ಮಾತುಗಾರರು, ಯಾರು ಕೈಯಲ್ಲೇ ಮಾತನಾಡುವವರು ಎಂಬುದೆಲ್ಲ ಆಗಲೇ ಗೊತ್ತಾಗಬೇಕು. ಚಿತ್ರೀಕರಣದ ದಿನ ಒಂದೇ ಕೆಲಸವನ್ನು ಬಿಡಿಸಿ ತೆಗೆಯಿರಿ: ಹಗ್ಗ ಎಳೆಯುವ ಕೈ, ಎಳೆಯುವವರ ಮುಖ, ಅವರ ಹೆಗಲ ಹಿಂದಿನಿಂದ ಕಾಣುವ ಬಾವಿಯ ಬಾಯಿ, ದೂರದಿಂದ ಇಡೀ ಜಾಗ, ಬುಟ್ಟಿಯಿಂದ ತೊಟ್ಟಿಕ್ಕುವ ಕೆಸರು. ಪ್ರತಿ ಶಾಟನ್ನೂ ಅಲುಗಿಸದೆ 10 ಸೆಕೆಂಡಾದರೂ ಹಿಡಿಯಿರಿ. ಹೊಸಬರು ಕ್ಯಾಮೆರಾವನ್ನು ಅತ್ತಿತ್ತ ತಿರುಗಿಸುತ್ತಲೇ, ಜೂಮ್ ಮಾಡುತ್ತಲೇ ಇರುತ್ತಾರೆ. ಆಮೇಲೆ ಎಡಿಟಿಂಗ್ ಟೇಬಲ್ಲಿನಲ್ಲಿ ಕತ್ತರಿಸಲು ಜಾಗವೇ ಸಿಗುವುದಿಲ್ಲ.

ಒಟ್ಟು ಎರಡೂವರೆ ಮೂರು ಗಂಟೆಯ ಫುಟೇಜ್ ಬೇಕಾದಷ್ಟಾಯಿತು. ಅದಕ್ಕಿಂತ ಹೆಚ್ಚಾದರೆ ನೋಡಿ ಮುಗಿಸುವುದರಲ್ಲೇ ವಾರ ಕಳೆಯುತ್ತದೆ. ಕೊನೆಯ ಎರಡು ವಾರ ಸಂಕಲನಕ್ಕೇ ಮೀಸಲಿಡಿ. ಇನ್ನು ಕ್ಯಾಮೆರಾ: ಕೈಯಲ್ಲಿರುವ ಫೋನ್ ಸಾಕು. ದುಡ್ಡಿದ್ದರೆ ಮೈಕ್ ಮತ್ತು ಟ್ರೈಪಾಡಿಗೆ ಹಾಕಿ.

ಪ್ರಶ್ನೆ: ಸಂದರ್ಶನದಲ್ಲಿ ‘ಹೌದು’, ‘ಇಲ್ಲ’, ‘ಹತ್ತು ವರ್ಷ’ ಇಂಥ ಉತ್ತರಗಳೇ ಬಂದಿವೆ. ಕಾಲರ್ ಮೈಕಿನಲ್ಲಿ ಪರಪರ ಸದ್ದು ಬೇರೆ. ಎಲ್ಲಿ ತಪ್ಪಿದೆ?

ಉತ್ತರ: ‘ಕಷ್ಟವಾಯಿತೇ?’ ಎಂದು ಕೇಳಿದರೆ ‘ಹೌದು’ ಎನ್ನದೆ ಇನ್ನೇನು ಹೇಳುತ್ತಾರೆ? ‘ಮೊದಲ ಸಲ ಇಳಿದ ದಿನ ಏನಾಯಿತು, ಹೇಳಿ’ ಎನ್ನಿ. ಚಿತ್ರದಲ್ಲಿ ನಿಮ್ಮ ಪ್ರಶ್ನೆ ಇರುವುದಿಲ್ಲವಾದ್ದರಿಂದ ‘ನಾನು ಈ ಕೆಲಸಕ್ಕೆ ಬಂದು ಹತ್ತು ವರ್ಷವಾಯಿತು’ ಎಂದು ಪೂರ್ತಿ ವಾಕ್ಯದಲ್ಲಿ ಹೇಳುವಂತೆ ಮೊದಲೇ ಕೇಳಿಕೊಳ್ಳಿ. ಅವರ ಮಾತು ನಿಂತ ಮೇಲೆ ಮನಸ್ಸಿನಲ್ಲೇ 5ರವರೆಗೆ ಎಣಿಸಿ. ಎಷ್ಟೋ ಸಲ ನಿಜವಾದ ಮಾತು ಆ ಮೌನದ ಆಚೆಗೆ ಬರುತ್ತದೆ. ಅವಸರದಲ್ಲಿ ಮುಂದಿನ ಪ್ರಶ್ನೆ ಎತ್ತಿದರೆ ಅದು ಕೈತಪ್ಪಿತು ಎಂದೇ ಲೆಕ್ಕ. ನಡುವೆ ‘ಹೂಂ, ಹೂಂ’ ಅನ್ನಬೇಡಿ, ತಲೆಯಾಡಿಸಿ. ನಿಮ್ಮ ‘ಹೂಂ’ ಅವರ ಮಾತಿನ ಮೇಲೆ ಕೂತರೆ ಬಿಡಿಸಲಾಗದು.

ಪರಪರ ಎನ್ನುವುದು ಬಟ್ಟೆಯೋ ಸರವೋ ಮೈಕಿಗೆ ಉಜ್ಜಿದ ಸದ್ದು. ಗಲ್ಲದಿಂದ ಒಂದು ಗೇಣು ಕೆಳಗೆ ಮೈಕ್ ಸಿಕ್ಕಿಸಿ, ವೈರನ್ನು ಸಣ್ಣದಾಗಿ ಸುತ್ತಿ ಬಟ್ಟೆಯ ಒಳಗೆ ಟೇಪ್ ಹಚ್ಚಿ. ರೆಕಾರ್ಡಿಂಗ್ ಮೀಟರಿನಲ್ಲಿ (ದನಿಯ ಮಟ್ಟ ತೋರಿಸುವ ಪಟ್ಟಿ) ಮಾತಿನ ಏರು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಯಾವ ಸಾಫ್ಟ್‌ವೇರೂ ಚೆನ್ನಾಗಿ ಸರಿಮಾಡಲಾರದು. ಹೆಡ್‌ಫೋನ್ ಹಾಕಿಕೊಳ್ಳದೆ ರೆಕಾರ್ಡಿಂಗ್ ಶುರುಮಾಡಲೇಬೇಡಿ. ಫ್ಯಾನ್, ಫ್ರಿಜ್ ಆರಿಸಿ. ಏಳುವ ಮುಂಚೆ ಎಲ್ಲರೂ ಸುಮ್ಮನಿದ್ದು ಆ ಕೋಣೆಯ ಮೌನವನ್ನೇ 30 ಸೆಕೆಂಡ್ ರೆಕಾರ್ಡ್ ಮಾಡಿ. ಮಾತು ಕತ್ತರಿಸಿದ ಕಡೆಯಲ್ಲೆಲ್ಲ ಅದನ್ನೇ ತುಂಬಬೇಕಾಗುತ್ತದೆ.

ಪ್ರಶ್ನೆ: ಸಂಕಲನ ಎಲ್ಲಿಂದ ಶುರುಮಾಡಲಿ?

ಉತ್ತರ: ಕಾಗದದಿಂದ. ಸಂದರ್ಶನವನ್ನು ಟೈಮ್‌ಕೋಡ್ (ಯಾವ ಮಾತು ಎಷ್ಟನೇ ನಿಮಿಷ, ಸೆಕೆಂಡಿನಲ್ಲಿದೆ ಎಂಬ ಗುರುತು) ಸಹಿತ ಬರೆದುಕೊಂಡು, ಬೇಕಾದ ಸಾಲುಗಳನ್ನು ಗುರುತಿಸಿ, ಚೀಟಿಗಳಲ್ಲಿ ಜೋಡಿಸಿ ನೋಡಿ. ಮೊದಲ ಜೋಡಣೆ 15 ನಿಮಿಷ ಬಂದರೆ ಗಾಬರಿ ಬೇಡ. ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ತೆರೆಯನ್ನು ಬಿಟ್ಟು ಅವರ ಮುಖ ನೋಡುತ್ತಾ ಕೂತುಕೊಳ್ಳಿ. ಅವರ ಕಣ್ಣು ಎಲ್ಲಿ ಆಚೆ ಸರಿಯಿತೋ ಅಲ್ಲಿಂದ ಕತ್ತರಿ ಹಾಕಿ. ಎರಡು ಬೇರೆ ಡಿಸ್ಕುಗಳಲ್ಲಿ ಪ್ರತಿ ಇಟ್ಟು, ತೆರೆದು ನೋಡುವ ತನಕ ಮೆಮೊರಿ ಕಾರ್ಡನ್ನು ಅಳಿಸಬೇಡಿ.