ಬೆಂಗಳೂರಿಂದ ಧರ್ಮಸ್ಥಳಕ್ಕೆ ಒಬ್ಬರೇ ನಡೆಯುವಾಗ ದಾರಿ ಕೇಳೋದು ಹೇಗೆ?

ಶಿವರಾತ್ರಿಗೆ ಬೆಂಗಳೂರಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟಿದ್ದೀನಿ, ಜೊತೆಗೆ ತಂಡ ಇಲ್ಲ, ದಾರಿ ತಪ್ಪದ ಹಾಗೆ ಯಾವ ಆಪ್ ಹಾಕ್ಕೊಳ್ಳಲಿ ಅಂತ ಕೇಳಿದ್ದೀರಿ. ನಾನು ಮೂರು ಸಲ ನಡೆದಿದ್ದೇನೆ. ಒಂದು ಸಲ ಚೆನ್ನಾಗಿಯೇ ದಾರಿ ತಪ್ಪಿದ್ದೇನೆ. ಆಪ್ ಯಾವುದಾದರೂ ಇರಲಿ, ಜನರನ್ನು ಏನಂತ ಕೇಳ್ತೀರಿ ಅನ್ನೋದರಲ್ಲೇ ಎಲ್ಲಾ ಇದೆ.

ಹಾಸನದ ತನಕ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ದಾರಿ. ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ. ಹಾಸನದಲ್ಲಿ ದಾರಿ ಎರಡಾಗುತ್ತದೆ. ಒಂದು ಸಕಲೇಶಪುರದ ಮೇಲೆ ಶಿರಾಡಿ ಘಾಟಿ. ಇನ್ನೊಂದು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿ. ನಡೆಯೋರು ಜಾಸ್ತಿ ಹಿಡಿಯೋದು ಈ ಎರಡನೆಯದನ್ನು. ಒಟ್ಟು ಸುಮಾರು 300 ಕಿಲೋಮೀಟರ್. ದಿನಕ್ಕೆ 40ರಂತೆ ಎಂಟು ದಿನ ಇಟ್ಟುಕೊಳ್ಳಿ.

ನಾನು ತಪ್ಪಿದ್ದು ಹಾಸನದಲ್ಲೇ. ಬೆಳಗಿನ ಜಾವ ನಾಲ್ಕು ಗಂಟೆ. ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು, ದಾರಿಯಲ್ಲಿ ಜೊತೆಯಾದವರಿಗಿಂತ ಹಿಂದೆ ಬಿದ್ದಿದ್ದೆ. ಊರಿನ ಹೊರಗೆ ರಸ್ತೆ ಕವಲಾಗಿತ್ತು. ಅಲ್ಲೇ ಲಾರಿ ನಿಲ್ಲಿಸಿಕೊಂಡಿದ್ದ ಒಬ್ಬರನ್ನು "ಅಣ್ಣ, ಧರ್ಮಸ್ಥಳಕ್ಕೆ ಇದೇ ದಾರಿನಾ?" ಅಂದೆ. "ಹೂಂ, ಇದೇ, ಸೀದಾ ಹೋಗಿ" ಅಂದರು. ಅಗಲವಾದ ರಸ್ತೆ, ಒಳ್ಳೆ ದೀಪ. ಅದು ಬೈಪಾಸು. ಒಂದು ಗಂಟೆ ಕುಂಟುತ್ತಾ ನಡೆದ ಮೇಲೆ ಗೊತ್ತಾಯಿತು, ಮುಂದೆಯೂ ಯಾರಿಲ್ಲ, ಹಿಂದೆಯೂ ಯಾರಿಲ್ಲ. ಟಾರ್ಚ್ ಬಿಟ್ಟು ಮೈಲಿಗಲ್ಲು ನೋಡಿದರೆ ಸಕಲೇಶಪುರ ಅಂತ ಇದೆ. ಆಗಷ್ಟೇ ಒಲೆ ಹಚ್ಚುತ್ತಿದ್ದ ಟೀ ಅಂಗಡಿಯ ಅಮ್ಮ ನನ್ನ ಕಾಲು ನೋಡಿ, "ಇದೂ ಧರ್ಮಸ್ಥಳಕ್ಕೇ ಹೋಗುತ್ತೆ ಕಣಪ್ಪ, ನಿಮ್ಮೋರೆಲ್ಲಾ ಬೇಲೂರು ರಸ್ತೇಲಿ ಹೋಗ್ತಾರೆ" ಅಂದರು. ಟೀಗೆ ದುಡ್ಡೂ ತಗೊಳ್ಳಲಿಲ್ಲ. ಬಂದಷ್ಟೂ ದೂರ ವಾಪಸ್ ನಡೆದೆ.

ಲಾರಿಯವರು ಸುಳ್ಳು ಹೇಳಿರಲಿಲ್ಲ ನೋಡಿ. ನಾನು ಕೇಳಿದ್ದೇ ತಪ್ಪು. ಧರ್ಮಸ್ಥಳಕ್ಕೆ ಯಾವ ರಸ್ತೆ ಅಂದರೆ ಗಾಡಿಯವರು ಗಾಡಿ ಹೋಗೋ ರಸ್ತೆ ತೋರಿಸುತ್ತಾರೆ. ಅದಕ್ಕೇ ಮುಂದಿನ ಊರಿನ ಹೆಸರು ಹಿಡಿದು ಕೇಳಿ. ಹಾಸನದಲ್ಲಿ "ಬೇಲೂರಿಗೆ ಯಾವ ಕಡೆ?", ಬೇಲೂರಲ್ಲಿ "ಮೂಡಿಗೆರೆಗೆ?", ಜೊತೆಗೆ "ನಡೆಯೋರು ಯಾವ ಕಡೆ ಹೋದ್ರು?" ಅಂತಲೂ ಸೇರಿಸಿ. ಅರ್ಧ ಗಂಟೆ ನಡೆದರೂ ಒಬ್ಬ ಪಾದಯಾತ್ರಿಯೂ ಕಾಣದಿದ್ದರೆ ನಿಂತುಬಿಡಿ. ಶಿವರಾತ್ರಿ ಹಿಂದಿನ ವಾರ ಆ ರಸ್ತೆ ಅಷ್ಟು ಖಾಲಿ ಇರೋ ಮಾತೇ ಇಲ್ಲ. ಮಜ್ಜಿಗೆ, ಕಲ್ಲಂಗಡಿ ಕೊಡೋರ ಪೆಂಡಾಲುಗಳೂ ಕಾಣಬೇಕು. ಹೇಳೋಕೆ ನಾಚಿಕೆ, ನಮ್ಮವರು ಎಸೆದ ಪೇಪರ್ ಲೋಟಗಳೇ ಎಷ್ಟೋ ಕಡೆ ದಾರಿ ತೋರಿಸುತ್ತವೆ. ನೀವು ಎಸೀಬೇಡಿ.

ಬೆಂಗಳೂರಿನ ಕಡೆ ಗೊಂದಲ ಕಡಿಮೆ. ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆ ಹತ್ತಬೇಡಿ, ಸರ್ವೀಸ್ ರೋಡಲ್ಲೇ ಹೋಗಿ. ನೆಲಮಂಗಲದ ಹತ್ತಿರ ತುಮಕೂರು ನೇರಕ್ಕೆ, ಹಾಸನ ಎಡಕ್ಕೆ. ವಿಜಯನಗರ, ಸುಂಕದಕಟ್ಟೆ ಕಡೆಯವರಾದರೆ ಮಾಗಡಿ ರಸ್ತೆ ಹಿಡಿದು ಮಾಗಡಿ ಮೇಲೆ ಕುಣಿಗಲ್ ಸೇರಬಹುದು.

ಫೋನಿನ ಮ್ಯಾಪ್ ಬೇಡ ಅಂತಲ್ಲ. ಆದರೆ ಅದರಲ್ಲಿ ನಡೆಯೋ ಮನುಷ್ಯನ ಗುರುತು ಒತ್ತಿದರೆ ಹತ್ತಿರದ ದಾರಿ ಅಂತ ಯಾವುದೋ ತೋಟದೊಳಗೆ ನುಗ್ಗಿಸುತ್ತದೆ. ಅಲ್ಲಿ ಗೇಟು, ನಾಯಿ, ಆಮೇಲೆ ನೀವು. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು, ನಿಮ್ಮ ನೀಲಿ ಚುಕ್ಕೆ ಸರಿಯಾದ ರಸ್ತೆ ಮೇಲಿದೆಯಾ ಅಂತ ನೋಡೋಕೆ ಮಾತ್ರ ತೆಗೀರಿ. ಊರುಗಳ ಹೆಸರನ್ನು ವರಸೆಯಾಗಿ ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿ ಇಟ್ಟುಕೊಳ್ಳಿ. ಚಾರ್ಜ್ ಮುಗಿದಾಗ ಅದೇ ಗತಿ. ಎದುರಿನ ಗಾಡಿ ಕಾಣೋ ಹಾಗೆ ರಸ್ತೆಯ ಬಲಬದಿಯಲ್ಲಿ ನಡೀರಿ, ಚೀಲದ ಹಿಂದೆ ಹೊಳೆಯೋ ಸ್ಟಿಕ್ಕರ್ ಅಂಟಿಸಿ.

ಕೊಟ್ಟಿಗೆಹಾರಕ್ಕೆ ಸಂಜೆ ಮುಟ್ಟಿದರೆ ಅಲ್ಲೇ ಉಳಿದುಬಿಡಿ. ನೀರುದೋಸೆಗೆ ಹೆಸರಾದ ಊರು, ನಷ್ಟವೇನಿಲ್ಲ. ಅಲ್ಲಿಂದ ಮುಂದೆ ಘಾಟಿ. ರಸ್ತೆ ಒಂದೇ, ತಪ್ಪೋಕೆ ಜಾಗವೇ ಇಲ್ಲ. ಆದರೆ ಮಂಜು, ಆನೆ, ಸಿಗ್ನಲ್ ಇಲ್ಲದ ತಿರುವುಗಳು. ಬೆಳಕಲ್ಲೇ ಇಳೀರಿ. ನಡುವೆ ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ಎಲ್ಲರೂ ನಿಲ್ಲುತ್ತಾರೆ, ನೀವೂ ಕಾಲು ಚಾಚಿಕೊಳ್ಳಿ.

ಘಾಟಿ ಇಳಿದ ಮೇಲೆ ಒಂದೇ ಒಂದು ಕಡೆ ಎಚ್ಚರ ಬೇಕು, ಉಜಿರೆ. ನೇರ ಹೋದರೆ ಬೆಳ್ತಂಗಡಿ. ಧರ್ಮಸ್ಥಳಕ್ಕೆ ಎಡಕ್ಕೆ ತಿರುಗಬೇಕು. ಇಲ್ಲಿ ಮಾತ್ರ "ಧರ್ಮಸ್ಥಳಕ್ಕೆ ಯಾವ ದಾರಿ?" ಅಂತ ಧೈರ್ಯವಾಗಿ ಕೇಳಬಹುದು, "ಹೀಗೇ ಹೋಗಿ, ಸ್ವಲ್ಪ ದೂರ ಉಂಟು" ಅಂತಾರೆ. ಆ ಸ್ವಲ್ಪ ಅಂದರೆ ಒಂಬತ್ತು ಹತ್ತು ಕಿಲೋಮೀಟರ್. ನೇತ್ರಾವತಿಯಲ್ಲಿ ಕಾಲು ಇಳಿಬಿಟ್ಟಾಗ ಬೊಬ್ಬೆ ಉರಿಯುತ್ತದೆ, ಬ್ಯಾಂಡೇಜು ಮೊದಲೇ ಬಿಚ್ಚಿಡಿ. ವಾಪಸ್ ಬಸ್ ಟಿಕೆಟ್ ಹೊರಡುವ ಮುಂಚೆಯೇ ಮಾಡಿಸಿ.